ಒತ್ತು

ನಾಟಕ ನಾನೇ ಬರೆದದ್ದು. ಇಪ್ಪತ್ತೆರಡು ಪುಟ,
ಅದರಲ್ಲಿ ಮೂರು ಪುಟ ಮಾಸ್ತರನೊಬ್ಬನೇ ಮಾತಾಡುತ್ತಾನೆ.
ಆಗ ನನಗೆ ಇಪ್ಪತ್ನಾಲ್ಕು. ವಿಚಾರವೆಂದರೆ ಹಾಲಿನ ಕ್ಯಾನು,
ಸೈಕಲ್ಲಿಗೆ ಕಟ್ಟಿಕೊಂಡು ಊರೂರಿಗೆ
ಹಾಕಿ ಬರಬಹುದು ಎಂದುಕೊಂಡಿದ್ದೆ.

ಮಾಸ್ತರನ ಪಾತ್ರಕ್ಕೆ ಘಾಳೆಪ್ಪ.
ಬೀದರಿನ ಓಣಿಯೊಂದರಲ್ಲಿ ಬಿದ್ರಿ ಕೆತ್ತುವವನು,
ಸನ್ಮಾನದ ತಟ್ಟೆಗಳ ಮೇಲೆ ದೊಡ್ಡವರ ಹೆಸರು
ಬಳ್ಳಿಯ ಹಾಗೆ ಕೊರೆದು ಬೆಳ್ಳಿ ತಂತಿ ಕೂರಿಸುವವನು.
ತಾಲೀಮಿನಲ್ಲಿ ಒಮ್ಮೆಯೂ ಪುಸ್ತಕ ಮುಟ್ಟಲಿಲ್ಲ.
"ನೀವೇ ಓದ್ರಿ ಸರ, ನಿಮ್ಮ ಬಾಯಾಗ ಛಂದ ಕೇಳತದ.
ನನ್ನ ಚಷ್ಮಾ ದುರಸ್ತಿಗಿ ಹೋಗ್ಯಾದ."
ನಾಕು ಸಲ ಕೇಳಿ ಮೂರೂ ಪುಟ ನುಂಗಿದ.
ತಿರುಗಿ ಒಪ್ಪಿಸಿದಾಗ
ನಾನು ಕೆಮ್ಮಿದ ಜಾಗದಲ್ಲಿ ಅವನೂ ಕೆಮ್ಮಿದ.

ಚಿಂತಾಕಿಯಲ್ಲಿ ಏಳನೆಯ ಆಟ.
ಗುಡಿ ಕಟ್ಟೆ, ಎರಡು ಗ್ಯಾಸ್ ಬತ್ತಿ,
ಚಾದರದ ಪರದೆ, ಅದರ ಹಿಂದೆ ನಾನು,
ಪಿಸುಮಾತಿನ ದೇವರು.
ಸಾವುಕಾರ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸುವುದು ಮುಗಿದು
ಮಾಸ್ತರ ಬಂದ. ಅಕ್ಷರವೇ ಕಣ್ಣು ಎಂದ.
ಚಪ್ಪಾಳೆಗೆಂದು ನಾನು ಬಿಟ್ಟಿದ್ದ ತೆರಪಿನಲ್ಲಿ
ಹೆಂಗಸರ ಸಾಲಿನಿಂದ ಒಬ್ಬಳು ಎದ್ದಳು.
ಪ್ರಯಾಗಬಾಯಿ. ಹೆಸರು ಆಮೇಲೆ ತಿಳಿಯಿತು.
ಸೆರಗಿನ ಗಂಟು ಬಿಚ್ಚಿ, ಮಡಿಕೆ ಸವೆದ ಕಾಗದ ತೆಗೆದು
ಕಟ್ಟೆ ಹತ್ತಿ ಅವನ ಮುಂದೆ ಹಿಡಿದಳು.
"ಇದು ಬಂದು ಆರು ತಿಂಗಳಾತ್ರಿ. ಊರಾಗ ಓದಾವ್ರು
ಒಬ್ಬೊಬ್ಬರು ಒಂದೊಂದು ಹೇಳ್ತಾರ.
ನೀವು ಹೊರಗಿನವರು. ಖರೇ ಏನದ, ಓದ್ರಿ."

ಪರದೆಯ ಹಿಂದಿನಿಂದ ಮುಂದಿನ ಸಾಲು ಪಿಸುಗುಟ್ಟಿದೆ.
ಇನ್ನೊಮ್ಮೆ, ಜೋರಾಗಿ.
ಘಾಳೆಪ್ಪ ಕಾಗದ ಹಿಡಿದ. ತಿರುಗಿಸಿದ.
ಬತ್ತಿಯ ಗಾಜಿಗೆ ಹುಳ ಬಡಿಯುವ ಸದ್ದು.
ಬೆರಳ ತುದಿಯಿಂದ ಸಾಲುಗಳನ್ನು ತಡವಿದ,
ಎಷ್ಟು ಆಳ ಕೊರೆಯಬೇಕು ಎಂದು ನೋಡುವವನಂತೆ.
ಚಷ್ಮಾ ತೆಗೆದ. ಪಾತ್ರದ ಚಷ್ಮಾ, ಗಾಜಿಲ್ಲದ್ದು.
"ಯವ್ವಾ, ನನಗ ಓದ್ಲಾಕ ಬರಂಗಿಲ್ಲ.
ಈ ಮಾತೆಲ್ಲ ಕೇಳಿ ಕಲ್ತೀನಿ."

ಯಾರೂ ನಗಲಿಲ್ಲ.
"ಮತ್ತ ಈಟೊತ್ತು ನಮಗ ಹೇಳಿದ್ದು?"
ಅವನು ಪರದೆಯ ಕಡೆ ಕೈ ಮಾಡಿದ.

ಹೊರಗೆ ಬಂದು ಓದಿದೆ. ತಹಸೀಲಿ ಕಾಗದ.
ಹದಿನೈದು ದಿನದೊಳಗೆ ಖುದ್ದು ಹಾಜರಾಗತಕ್ಕದ್ದು.
ಓದು ಬಲ್ಲ ನನ್ನ ಬಾಯಲ್ಲಿ ಅಷ್ಟೇ ಇತ್ತು.
ಅವಳು ಅದನ್ನು ಹಳೆಯ ಮಡಿಕೆಗಳಲ್ಲೇ ಮಡಚಿ
ಗಂಟು ಹಾಕಿ, ಮಾತಿಲ್ಲದೆ ಇಳಿದು ಹೋದಳು.

ಮುಂದಿನ ಊರಿನಲ್ಲಿ ಘಾಳೆಪ್ಪ ಹೇಳಿದ: "ಆ ಮಾತು ಇಡ್ರಿ ಸರ."
ಇಟ್ಟೆವು. ನನಗೆ ಓದ್ಲಾಕ ಬರಂಗಿಲ್ಲ ಎಂದು ಅವನು ಅಂದಾಗ
ಹಿಂದಿನ ಸಾಲಿನವರು ಮುಂದೆ ಜರುಗುತ್ತಿದ್ದರು.
ಹಗಲು ಟೆಂಪೋದ ಹಿಂದೆ ಕುಳಿತು ಕಲಿಸಿದೆ.
ಬಸ್ಸಿನ ಬೋರ್ಡು: ಔರಾದ. ಕಮಲನಗರ. ಉದಗೀರ.
ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ
ಬೀಡಿ ಕಟ್ಟಿನ ಮೇಲಿನ ಬರಹ ಗಟ್ಟಿಯಾಗಿ ಓದಿದ.

ಅವತ್ತು ರಾತ್ರಿ ಆಟ ಮುಗಿಸಿ ಬಣ್ಣ ಒರೆಸದೆ ಕುಳಿತ.
"ಇವತ್ತ ಸುಳ್ಳು ಹೇಳ್ದಂಗಾತು ಸರ."
ಅದಕ್ಕೇ ಅಭಿನಯ ಅಂತಾರೆ, ಅಂದೆ.
"ಅಂತಾರ?" ಅಂದ.
ಬಿಸಿನೀರು ತಣ್ಣಗಾಗುವವರೆಗೂ ಏಳಲಿಲ್ಲ.

ಪುಸ್ತಕ ಈಗಲೂ ನನ್ನ ಹತ್ತಿರ ಇದೆ.
ಹದಿನಾಲ್ಕನೆಯ ಪುಟದಿಂದ ಹದಿನಾರರವರೆಗೆ
ನನ್ನ ಮಾತಿನ ಮೇಲೆ ಉದ್ದಕ್ಕೆ ಪೆನ್ಸಿಲ್ ಗೀಟು.
ಅಂಚಿನಲ್ಲಿ, ಹಿಂದಿನ ಹಾಳೆಗೂ ಅಚ್ಚು ಬೀಳುವಷ್ಟು ಆಳ:
"ಇಲಿ ಸುಮನ ನಿಂದರಬೇಕು."

ಒತ್ತಕ್ಷರ ನಾನಿನ್ನೂ ಕಲಿಸಿರಲಿಲ್ಲ.
ತಿದ್ದಬೇಕೆಂದು ಒಮ್ಮೆ ಪೆನ್ನು ತೆಗೆದಿದ್ದೆ.